ಶಾಲೆ ಎಷ್ಟು ದೂರ, ಅಳೆದವರು ಯಾರು?

ಪ್ರಶ್ನೆ: ಮಗಳು ಆರನೇ ತರಗತಿ. ಸರ್ಕಾರಿ ಶಾಲೆಗೆ ನಡೆದು ಹೋದರೆ ಮೂರು ಕಿಲೋಮೀಟರಿಗಿಂತ ಜಾಸ್ತಿ ಆಗುತ್ತದೆ. ಸಾರಿಗೆ ಭತ್ಯೆ ಕೇಳಿದರೆ ‘ನಿಮ್ಮದು ಮೂರರ ಒಳಗೇ ಬರುತ್ತೆ’ ಅಂದರು. ಪಕ್ಕದ ಊರಿನ ಮಕ್ಕಳಿಗೆ ಮಾತ್ರ ವ್ಯಾನ್ ಬರುತ್ತದೆ. ಇದನ್ನೆಲ್ಲ ಹೇಗೆ ತೀರ್ಮಾನ ಮಾಡುತ್ತಾರೆ? ವ್ಯಾನಿನ ಗುತ್ತಿಗೆ ಯಾರಿಗೆ ಸಿಗುತ್ತದೆ?

ಉತ್ತರ: ಮೊದಲು ದೂರದ ವಿಷಯ, ಜಗಳ ಇರುವುದೇ ಅಲ್ಲಿ. ಶಿಕ್ಷಣ ಹಕ್ಕು ಕಾಯ್ದೆಯಡಿ ಕೇಂದ್ರ 2010ರಲ್ಲಿ ಮಾಡಿದ ನಿಯಮಗಳ ಪ್ರಕಾರ ಒಂದರಿಂದ ಐದನೇ ತರಗತಿಗೆ 1 ಕಿಲೋಮೀಟರ್, ಆರರಿಂದ ಎಂಟಕ್ಕೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ಅದೂ ನಡೆದು ಹೋಗುವ ದೂರ. ನಕ್ಷೆಯ ಮೇಲೆ ಮನೆಯಿಂದ ಶಾಲೆಗೆ ನೇರ ಗೆರೆ ಎಳೆದರೆ 2.6 ಬರಬಹುದು, ಆದರೆ ಮಧ್ಯದಲ್ಲಿ ಹಳ್ಳವೋ ರೈಲು ಹಳಿಯೋ ಇದ್ದು ಸುತ್ತಿ ಹೋಗಬೇಕಾದರೆ ಮಗು ನಡೆಯುವುದು 3.4. ಹಕ್ಕಿಯೇನೂ ಶಾಲೆಗೆ ಹೋಗಲ್ಲ ಅಲ್ವಾ! ನಿಮ್ಮಲ್ಲಿ ಆಗಿರುವುದೂ ಇದೇ ಇರಬಹುದು, ಅದನ್ನೇ ಮೊದಲು ಕೇಳಿ.

ದೂರದ ಜೊತೆಗೆ ಅಪಾಯವೂ ಲೆಕ್ಕಕ್ಕೆ ಬರುತ್ತದೆ. ಭೂಕುಸಿತ, ಪ್ರವಾಹ, ರಸ್ತೆಯೇ ಇಲ್ಲದಿರುವುದು ಇಂಥ ಕಡೆ ಈ ಮಿತಿಯನ್ನು ಇಳಿಸಬೇಕು ಅಂತ ಅದೇ ನಿಯಮಗಳಲ್ಲಿದೆ. ಹತ್ತಿರ ಶಾಲೆಯೇ ಇಲ್ಲದ ಸಣ್ಣ ಊರುಗಳ ಮಕ್ಕಳಿಗೆ ಉಚಿತ ಸಾರಿಗೆ ಅಥವಾ ವಸತಿಯಂಥ ವ್ಯವಸ್ಥೆ ಮಾಡಬೇಕು ಅಂತಲೂ ಇದೆ. ಪಕ್ಕದ ಊರಿಗೆ ವ್ಯಾನ್ ಬಂದಿರುವುದು ಬಹುಶಃ ಹೀಗೆ. ಅಂಗವೈಕಲ್ಯದಿಂದ ಶಾಲೆಗೆ ಹೋಗಲಾಗದ ಮಗುವಿಗೆ ಸುರಕ್ಷಿತ ವಾಹನ ಕೊಡುವ ಹೊಣೆ ಬೇರೆಯೇ ಇದೆ. ರಾಜ್ಯಗಳು ತಮ್ಮದೇ ನಿಯಮ ಮಾಡಿಕೊಂಡಿವೆ, ನಿಮ್ಮ ರಾಜ್ಯದ್ದನ್ನೂ ಓದಿ ನೋಡಿ. ಇಂಗ್ಲೆಂಡಿನಲ್ಲೂ ಇದೇ ಕಥೆ: ಶಾಲೆ ಎಂಟು ವರ್ಷದೊಳಗಿನವರಿಗೆ 2 ಮೈಲಿ, ಮೇಲ್ಪಟ್ಟವರಿಗೆ 3 ಮೈಲಿಗಿಂತ ದೂರವಿದ್ದರೆ ಉಚಿತ ಸಾರಿಗೆ, ಅಳೆಯುವುದು ಮಗು (ಬೇಕಾದರೆ ದೊಡ್ಡವರ ಜೊತೆ) ಸುರಕ್ಷಿತವಾಗಿ ನಡೆಯಬಹುದಾದ ದಾರಿಯನ್ನು. ಅಲ್ಲೂ ದಾರಿ ಯಾವುದು ಅನ್ನುವ ಜಗಳ ಕೋರ್ಟ್ ಮೆಟ್ಟಿಲು ಹತ್ತಿದೆ.

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. ಸಮಗ್ರ ಶಿಕ್ಷಾ ಯೋಜನೆಯಲ್ಲಿ ಒಂದು ಮಗುವಿಗೆ ವರ್ಷಕ್ಕೆ 6,000 ರೂಪಾಯಿವರೆಗೆ ಸಾರಿಗೆ ಭತ್ಯೆಗೆ ಅವಕಾಶವಿದೆ. ‘ವರೆಗೆ’ ಅಂದರೆ ಪೂರ್ತಿ ಸಿಗುತ್ತದೆ ಅಂತಲ್ಲ.

ಇನ್ನು ಗುತ್ತಿಗೆ. ಸಾಮಾನ್ಯವಾಗಿ ಟೆಂಡರ್ ಕರೆಯುತ್ತಾರೆ. ಮೊದಲು ಪರ್ಮಿಟ್, ವಿಮೆ, ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನುವ ಪ್ರಮಾಣಪತ್ರ), ಚಾಲಕನ ಲೈಸೆನ್ಸ್ ಎಲ್ಲ ಸರಿ ಇದೆಯಾ ಅಂತ ನೋಡುತ್ತಾರೆ. ಅದರಲ್ಲಿ ಪಾಸಾದವರಲ್ಲಿ ಕಡಿಮೆ ದರ ಹೇಳಿದವನಿಗೆ ಕೆಲಸ. ಕಡಿಮೆ ದರ ಅಂದ ಕೂಡಲೇ ಎಲ್ಲರೂ ಬೈಯುತ್ತಾರೆ, ನನಗೆ ಅದಕ್ಕಿಂತ ಅಪಾಯಕಾರಿ ಅನಿಸುವುದು ಷರತ್ತುಗಳೇ ಸರಿಯಿಲ್ಲದ ಟೆಂಡರ್. ಗುತ್ತಿಗೆ ಒಂದೇ ವರ್ಷದ್ದಾದರೆ ಯಾರು ಸಾಲ ಮಾಡಿ ಹೊಸ ಗಾಡಿ ತರುತ್ತಾರೆ? ಹಳೆಯದೇ ಬರುತ್ತದೆ. ಡೀಸೆಲ್ ಬೆಲೆ ಏರಿದರೆ ದರ ಹೇಗೆ ಬದಲಾಗುತ್ತದೆ ಅಂತ ಬರೆದಿರದಿದ್ದರೆ ಗುತ್ತಿಗೆದಾರ ಮೊದಲು ಟ್ರಿಪ್ ಕಡಿಮೆ ಮಾಡುತ್ತಾನೆ, ಆಮೇಲೆ ಎರಡು ದಾರಿಯ ಮಕ್ಕಳನ್ನು ಒಂದೇ ವ್ಯಾನಿಗೆ ತುಂಬುತ್ತಾನೆ. ಖಾಲಿ ಗಾಡಿ ಮೊದಲ ಸ್ಟಾಪ್ ತಲುಪುವ ದೂರಕ್ಕೆ ಯಾರು ಹಣ ಕೊಡುತ್ತಾರೆ ಅನ್ನುವುದೂ ಅಷ್ಟೇ ಮುಖ್ಯ. ಕೊನೆಯಲ್ಲಿರುವ ಒಂಟಿ ಮನೆಗಳು ರೂಟ್‌ನಿಂದ ಬಿಟ್ಟುಹೋಗುವುದಕ್ಕೆ ಇದೂ ಒಂದು ಕಾರಣ. ವ್ಯಾನ್ ಬಾರದ ದಿನ ದಂಡ ಎಷ್ಟು, ಹಾಜರಿ ಬರೆದುಕೊಳ್ಳುವವರು ಯಾರು ಅಂತ ಸ್ಪಷ್ಟವಾಗಿ ಇಲ್ಲದಿದ್ದರೆ ಒಳ್ಳೆಯ ದರ ಕೊಟ್ಟರೂ ಸುಮ್ನೆ.

ನೀವು ಈಗ ಮಾಡಬೇಕಾದ್ದು: ಬಾಯಲ್ಲಿ ಕೇಳಬೇಡಿ, ಬರೆದು ಕೊಡಿ. ಯಾವ ದಾರಿ ಅಳೆದರು, ಯಾವತ್ತು, ಯಾರು ಅಳೆದರು ಅಂತ ಕೇಳಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಡಿ ಅದನ್ನೇ ಕೇಳಿ, 30 ದಿನದಲ್ಲಿ ಉತ್ತರಿಸಬೇಕು. ಜೊತೆಗೆ ವ್ಯಾನಿನ ಗುತ್ತಿಗೆಯ ಒಪ್ಪಂದ ಮತ್ತು ರೂಟ್ ಪಟ್ಟಿಯ ಪ್ರತಿಯನ್ನೂ ಕೇಳಿ. ನಿಮ್ಮ ಮನೆಯ ಹತ್ತಿರ ಆ ವ್ಯಾನ್ ಹಾದುಹೋಗುತ್ತದಾ ಅಂತ ಅದರಲ್ಲೇ ಗೊತ್ತಾಗುತ್ತದೆ.