ತುಟಿ ಮುಂದೆ, ಮಾತು ಹಿಂದೆ

ಬ್ಲೂಟೂತ್ ಹೆಡ್‌ಫೋನ್ ಹಾಕಿದ ಮೇಲೆ ವಾಲ್ಯೂಮ್ ಜಾಸ್ತಿ ಮಾಡಿದರೂ ಅಮ್ಮನಿಗೆ ಟಿವಿಯ ಮಾತು ತಿಳಿಯುತ್ತಿಲ್ಲ ಅಂದಿರಲ್ಲ, ಬಹುಶಃ ಧ್ವನಿ ತಡವಾಗಿ ಬರುತ್ತಿದೆ. ಕಿವಿ ಮಂದವಾದವರು ತುಟಿ ನೋಡಿಯೂ ಮಾತು ಹಿಡಿಯುತ್ತಾರೆ. ಕಂಡದ್ದು, ಕೇಳಿದ್ದು ಹೆಚ್ಚುಕಡಿಮೆ ಒಟ್ಟಿಗೆ ಬಂದರೆ ಮಾತ್ರ ಮೆದುಳು ಎರಡನ್ನೂ ಬೆಸೆಯುತ್ತದೆ. ಸದ್ದು ಸ್ವಲ್ಪ ಹಿಂದೆ ಬಿದ್ದರೆ ಮೆದುಳು ಸಹಿಸಿಕೊಳ್ಳುತ್ತದೆ. ದೂರದಲ್ಲಿ ಬಟ್ಟೆ ಒಗೆಯುವವರನ್ನು ನೋಡಿ, ಬಡಿತ ಮೊದಲು ಕಾಣುತ್ತೆ, ಸದ್ದು ಆಮೇಲೆ, ಅಲ್ವಾ? ಆದರೆ ಬ್ಲೂಟೂತ್‌ನಲ್ಲಿ ಕೆಲವೊಮ್ಮೆ 200 ಮಿಲಿಸೆಕೆಂಡ್‌ವರೆಗೂ ತಡವಾಗುತ್ತದೆ. ಅಷ್ಟಾದರೆ ತುಟಿ ನೋಡಿ ಪ್ರಯೋಜನ ಕಡಿಮೆ.

ಮೊದಲು ವಾರ್ತೆ ಹಾಕಿ, ಓದುವವರ ತುಟಿ ನೋಡುತ್ತಾ ನೀವೇ ಹೆಡ್‌ಫೋನ್‌ನಲ್ಲಿ ಕೇಳಿ. ಆಮೇಲೆ ಟಿವಿಯ ಸ್ಪೀಕರ್‌ನಲ್ಲಿ ಕೇಳಿ. ವ್ಯತ್ಯಾಸ ಕಂಡರೆ ಸೌಂಡ್ ಸೆಟ್ಟಿಂಗ್‌ನಲ್ಲಿ 'ಎವಿ ಸಿಂಕ್' (ಚಿತ್ರಕ್ಕೆ ಧ್ವನಿ ಹೊಂದಿಸುವ ಆಯ್ಕೆ) ಹುಡುಕಿ. ಹಲವು ಟಿವಿಗಳಲ್ಲಿ ಅದು ಧ್ವನಿಯನ್ನು ಇನ್ನಷ್ಟು ತಡ ಮಾಡುತ್ತದೆ ಅಷ್ಟೆ, ಹಾಗಾಗಿ ಎಷ್ಟು ಉಪಯೋಗವಾಗುತ್ತೋ ಹೇಳಲಾರೆ. ನಮ್ಮ ತಂದೆಗೆ ಸರಿಹೋದದ್ದು ಉದ್ದ ವೈರಿನ ಹೆಡ್‌ಫೋನ್. ತುಟಿ ಚೆನ್ನಾಗಿ ಕಾಣುವಷ್ಟು ಹತ್ತಿರ ಕೂರಿಸಿ, ಕನ್ನಡಕವೂ ಇರಲಿ. ವೈರ್ ಹಾಕಿದರೂ ತಿಳಿಯದಿದ್ದರೆ ಕಿವಿ ಡಾಕ್ಟರ ಹತ್ತಿರ ಶ್ರವಣ ಪರೀಕ್ಷೆ ಮಾಡಿಸಿ.