ಗುಂಡಿಯಲ್ಲಿ ಸಿಕ್ಕಿದ್ದು ಹುಲಿ ಹಲ್ಲಲ್ಲ, ಮೊದಲು ಬುಡ ನೋಡಿ

ಪ್ರಶ್ನೆ: ತೆಂಗಿನ ಸಸಿಗೆ ಗುಂಡಿ ತೆಗೆಯುವಾಗ ಬಾಗಿದ ಹಲ್ಲೊಂದು ಸಿಕ್ಕಿತು. ತೋರುಬೆರಳಿಗಿಂತ ಉದ್ದ ಇದೆ. ಹುಲಿ ಹಲ್ಲು ಅಂತ ಊರವರು ಹೇಳುತ್ತಾರೆ. ಲಾಕೆಟ್ ಮಾಡಿಸಬಹುದೇ?

ಉತ್ತರ: ಮತ್ತೆ ಅದೇ ಪ್ರಶ್ನೆ! ಅಳತೆ ಗೊತ್ತಾಗಲಿ ಅಂತ ಫೋಟೊದಲ್ಲಿ ಹಲ್ಲಿನ ಪಕ್ಕ ಒಂದು ನಾಣ್ಯ ಇಡೋಕೂ ಯಾರಿಗೂ ಪುರುಸೊತ್ತಿಲ್ಲ. ನೀವು ಕಳಿಸಿದ ಫೋಟೊದಲ್ಲಿ ಪುಣ್ಯಕ್ಕೆ ಬುಡ ಕಾಣುತ್ತಿದೆ. ಹುಲಿಯಲ್ಲ, ಹಂದಿಯ ಕೆಳದವಡೆಯ ಕೋರೆ.

ಬುಡದ ಕಡೆ ತಿರುಗಿಸಿ ನೋಡಿ. ಒಳಗೆಲ್ಲ ಟೊಳ್ಳು, ಅಂಚು ತೆಳ್ಳಗೆ, ಅಲ್ವಾ? ಗಂಡು ಹಂದಿಯ ಕೋರೆ ಸಾಯೋವರೆಗೂ ಬೆಳೆಯುತ್ತಲೇ ಇರುತ್ತದೆ, ಅದಕ್ಕೇ ಬೇರು ಮುಚ್ಚಿಕೊಳ್ಳುವುದಿಲ್ಲ. ಬೆಳೆದ ಹುಲಿಯ ಕೋರೆಹಲ್ಲಿನ ಬೇರು ಗಟ್ಟಿ. ತುದಿಯಲ್ಲಿ ಸಣ್ಣ ತೂತು ಬಿಟ್ಟರೆ ಮುಚ್ಚಿರುತ್ತದೆ. ಇಡೀ ಹಲ್ಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಭಾಗ ಬೇರಿನದೇ.

ಆದರೆ ಮರಿಹುಲಿಯ ಹಲ್ಲಿನ ಬುಡವೂ ಟೊಳ್ಳಾಗಿರುತ್ತದೆ. ಹಾಗಾಗಿ ಇನ್ನೊಂದು ಪರೀಕ್ಷೆ. ಕಣ್ಣು ಮುಚ್ಚಿ ಹಲ್ಲನ್ನು ಬೆರಳ ನಡುವೆ ಉರುಳಿಸಿ. ಹಂದಿಯದಕ್ಕೆ ಮೂರು ಮಗ್ಗುಲು, ಏಣು ಕೈಗೆ ಸಿಗುತ್ತದೆ. ಬಾಗು ಕುಡುಗೋಲಿನ ಹಾಗೆ. ಮೇಲಿನ ಕೋರೆಗೆ ಉಜ್ಜಿ ಉಜ್ಜಿ ತುದಿ ಉಳಿಯಂತೆ ಓರೆಯಾಗಿ ಸವೆದಿರುತ್ತದೆ. ಹುಲಿ, ಚಿರತೆಯದು ಗುಂಡಗೆ, ಬಾಗು ಕಡಿಮೆ. ಹೊಳೆಯುವ ಭಾಗದ ಮೇಲೆ ಉದ್ದಕ್ಕೆ ಸಣ್ಣ ಗೀರು ಇರುತ್ತವೆ. ನಾಯಿಯದರಲ್ಲಿ ಆ ಗೀರು ಇಲ್ಲ. ಒಣಗಿ ಬಿಟ್ಟ ಬಿರುಕನ್ನೇ ಗೀರು ಅಂದುಕೊಂಡು ನಾಯಿ ಹಲ್ಲನ್ನು ಚಿರತೆ ಮಾಡಿದವರಿದ್ದಾರೆ. ನಾನೂ ಶುರುವಿನಲ್ಲಿ ಒಮ್ಮೆ ಹಾಗೆ ಮಾಡಿದ್ದೆ.

ಲಾಕೆಟ್? ಬೇಡ. ಕಾಡುಹಂದಿಯೂ 1972ರ ವನ್ಯಜೀವಿ ಕಾಯ್ದೆಯೊಳಗೇ ಬರುತ್ತದೆ. ಹುಲಿಯದಾದರಂತೂ ಕನಿಷ್ಠ 3 ವರ್ಷ ಜೈಲು. 2023ರಲ್ಲಿ ಟಿವಿ ಶೋನಿಂದಲೇ ಒಬ್ಬರನ್ನು ಹುಲಿ ಉಗುರಿನ ಲಾಕೆಟ್‌ಗಾಗಿ ಕರೆದೊಯ್ದಿದ್ದು ಮರೆತುಹೋಯಿತಾ? ಮಗುವಿಗೆ ದೃಷ್ಟಿ ತಾಗದಿರಲಿ ಅಂತ ಕಟ್ಟೋಕೆ ಮನೆಯಲ್ಲಿ ಕಪ್ಪು ದಾರ ಇಲ್ಲವೇ? ಹುಲಿ, ಚಿರತೆಯದೇನೋ ಅಂತ ನನಗೆ ಸ್ವಲ್ಪ ಅನುಮಾನ ಬಂದರೂ ಹತ್ತಿರದ ಅರಣ್ಯ ಇಲಾಖೆ ಕಚೇರಿಗೆ ತಿಳಿಸಿಬಿಡುತ್ತೇನೆ. ನೀವೂ ಹಾಗೇ ಮಾಡಿ.

ಪ್ರಶ್ನೆ: ಹೊಲದಲ್ಲಿ ಅಗೆದಾಗ ಸಿಕ್ಕಿತು ಅಂತ ಒಬ್ಬರು ಹುಲಿ ಉಗುರು ಮಾರುತ್ತಿದ್ದಾರೆ. ಫಳಫಳ ಹೊಳೆಯುತ್ತದೆ. ನಿಜವೇ?

ಉತ್ತರ: ಉಗುರಿನ ಹೊರಕವಚ ನಮ್ಮ ಉಗುರಿನಂಥದ್ದೇ, ಮಣ್ಣಲ್ಲಿ ಕೊಳೆಯುತ್ತದೆ. ಹೆಚ್ಚು ಕಾಲ ಉಳಿಯುವುದು ಒಳಗಿನ ಮೂಳೆ. ಹೊಳೆಯುವ ಇಂಥವು ಬಹಳಷ್ಟು ದನದ ಕೊಂಬು ಕೆತ್ತಿದ್ದು. ಅಸಲಿಯಾಗಿದ್ದರೆ ಕೊಂಡವರೂ ಅಪರಾಧಿ. ಎರಡೂ ಕಡೆ ನಿಮಗೇ ಲಾಸು.

ಪ್ರಶ್ನೆ: ದಪ್ಪ ಹಲ್ಲು, ಮೇಲ್ಗಡೆ ಅರ್ಧಚಂದ್ರದಂಥ ಗೆರೆ. ಯಾವ ಪ್ರಾಣಿ?

ಉತ್ತರ: ದನ ಅಥವಾ ಎಮ್ಮೆ. ಹಟ್ಟಿ ಇದ್ದ ಜಾಗ ಇರಬೇಕು, ಅಜ್ಜಿಯನ್ನು ಕೇಳಿ.

ಪ್ರಶ್ನೆ: ತುಮಕೂರು ಕಡೆ ಡೈನೋಸಾರ್ ಹಲ್ಲು ಸಿಗುತ್ತದೆಯೇ?

ಉತ್ತರ: ಅಲ್ಲಿನ ಬಂಡೆ ಸುಮಾರು 250 ಕೋಟಿ ವರ್ಷ ಹಳೆಯದು, ಡೈನೋಸಾರ್‌ಗಿಂತ ಎಷ್ಟೋ ಮುಂಚಿನದು. ಇಲ್ಲ.

ಪ್ರಶ್ನೆ: ಸಿಕ್ಕ ಹಲ್ಲನ್ನು ಆ್ಯಸಿಡ್‌ನಲ್ಲಿ ತೊಳೆಯಬಹುದೇ?

ಉತ್ತರ: ಬೇಡವೇ ಬೇಡ, ಹಲ್ಲೇ ಕರಗುತ್ತದೆ. ನೀರು, ಮೆತ್ತನೆ ಬ್ರಷ್ ಸಾಕು. ನೆರಳಲ್ಲಿ ಒಣಗಿಸಿ, ಬಿಸಿಲಿಗಿಟ್ಟರೆ ಸೀಳುತ್ತದೆ. ಮನುಷ್ಯರದು ಅನ್ನಿಸಿದರೆ ಮಾತ್ರ ತೊಳೆಯಬೇಡಿ, ಮುಟ್ಟಬೇಡಿ. ಅಗೆಯುವುದು ನಿಲ್ಲಿಸಿ ಪೊಲೀಸರಿಗೆ ಫೋನ್ ಮಾಡಿ.