‘ಕೊನೆಯ ಮಾತು ಯಾರದು?’ ಲೇಖನ ಕಳಿಸಿದವರಿಗೆ

ನಮಸ್ಕಾರ.

ಸಂವಿಧಾನದ ವಿಷಯದಲ್ಲಿ ಕೊನೆಯ ಮಾತು ಕೋರ್ಟಿನದೋ ಶಾಸಕಾಂಗದದೋ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ನೀವು ಇದನ್ನು ಮತ್ತೆ ಬರೆಯಬೇಕು ಅಂತ ನನಗೆ ನಿಜವಾಗಿಯೂ ಆಸೆ ಇದೆ. ಅದಕ್ಕೇ ಬಿಡಿಸಿ ಹೇಳುತ್ತಿದ್ದೇನೆ.

ನಿಮ್ಮ ವಾದ ಇಷ್ಟು: 1973ರಲ್ಲಿ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಗೆದ್ದರು, ಸಂಸತ್ತು ಸೋತಿತು, ಅಂದಿನಿಂದ ಸುಪ್ರೀಂ ಕೋರ್ಟ್ ಹೇಳಿದ್ದೇ ಕೊನೆ. ತಪ್ಪು ಇಲ್ಲೇ ಶುರುವಾಗುತ್ತದೆ. ಸ್ವಾಮೀಜಿ ಹೋರಾಡಿದ್ದು ಮಠದ ಜಮೀನಿಗಾಗಿ, ಕೇರಳದ ಭೂಸುಧಾರಣೆ ಕಾನೂನಿನ ವಿರುದ್ಧ. ಆ ಕಾನೂನಿಗೆ ರಕ್ಷಣೆ ಕೊಟ್ಟ 29ನೇ ತಿದ್ದುಪಡಿಯನ್ನು ಕೋರ್ಟ್ ಎತ್ತಿಹಿಡಿಯಿತು. 1967ರ ಗೋಲಕನಾಥ್ ತೀರ್ಪು ಸಂಸತ್ತಿನಿಂದ ಕಿತ್ತುಕೊಂಡಿದ್ದ, ಮೂಲಭೂತ ಹಕ್ಕುಗಳನ್ನು ತಿದ್ದುವ ಅಧಿಕಾರವನ್ನೂ ವಾಪಸ್ ಕೊಟ್ಟಿತು. ಆದರೆ ಬೇಲಿ ಹಾಕಿ ಕೊಟ್ಟಿತು: ಏನು ಬೇಕಾದರೂ ತಿದ್ದಿ, ಸಂವಿಧಾನದ ಮೂಲ ಸ್ವರೂಪ ಮಾತ್ರ ಕೆಡಿಸಬೇಡಿ. ಯಾರು ಗೆದ್ದರು ಅಂತ ಒಂದೇ ಮಾತಲ್ಲಿ ಹೇಳೋದು ಕಷ್ಟ, ಅಲ್ವಾ?

ಹದಿಮೂರು ನ್ಯಾಯಮೂರ್ತಿಗಳಲ್ಲಿ ಏಳು ಜನ ಆ ಬೇಲಿಯ ಪರ, ಆರು ಜನ ವಿರುದ್ಧ. ಆ ಆರು ಜನ ಏನು ಹೇಳಿದರು ಅನ್ನೋದಕ್ಕೆ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ. ಗೆದ್ದೆತ್ತಿನ ಬಾಲ ಹಿಡಿದು ಬರೆದರೆ ಓದುವವರಿಗೆ ಅನುಮಾನ ಬರುತ್ತದೆ. ಬೇಲಿ ಬೇಕಿತ್ತು ಎಂದೇ ನನ್ನ ನಂಬಿಕೆ. 1976ರಲ್ಲಿ, ತುರ್ತು ಪರಿಸ್ಥಿತಿಯ ನಡುವೆ, 42ನೇ ತಿದ್ದುಪಡಿ ಬಂತು. ಸಂವಿಧಾನದ ತಿದ್ದುಪಡಿಯನ್ನು ಯಾವ ಕೋರ್ಟೂ ಪ್ರಶ್ನಿಸುವ ಹಾಗಿಲ್ಲ ಎಂದು ಅದರಲ್ಲಿ ಬರೆದುಕೊಂಡರು. ಬೆಂಗಳೂರಿನ ಮಿನರ್ವ ಮಿಲ್ಸ್ ಪ್ರಕರಣದಲ್ಲಿ, 1980ರಲ್ಲಿ, ಅದು ಬಿದ್ದುಹೋಯಿತು. ಬೇಲಿ ಇಲ್ಲದಿದ್ದರೆ ಬೀಳುತ್ತಿರಲಿಲ್ಲ. ಆದರೂ ಆ ಆರು ಜನರ ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಸಂವಿಧಾನದಲ್ಲೇ ಬರೆಯದ ಮಿತಿಯನ್ನು ಕೋರ್ಟ್ ಎಲ್ಲಿಂದ ತಂದಿತು? ಇದಕ್ಕೆ ನೀವು ಉತ್ತರ ಕೊಡಬೇಕು.

ನಿಮ್ಮ ಲೇಖನಕ್ಕೆ ಬೇಕಾದ ಜೀವ ನಮ್ಮ ವಿಧಾನಸೌಧದಲ್ಲೇ ಇದೆ. ಎರಡು ಘಟನೆ ಅಕ್ಕಪಕ್ಕ ಇಟ್ಟು ನೋಡಿ.

1991ರ ಜೂನ್‌ನಲ್ಲಿ ಕಾವೇರಿ ನ್ಯಾಯಮಂಡಳಿ ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ಬಿಡಬೇಕು ಎಂದು ಮಧ್ಯಂತರ ಆದೇಶ ಕೊಟ್ಟಿತು. ಮುಂದಿನ ತಿಂಗಳೇ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತಂದಿತು. ನಮ್ಮ ರೈತರ ನೀರು ಕಾಪಾಡುತ್ತೇವೆ, ಆ ಆದೇಶ ನಮಗೆ ಅನ್ವಯಿಸದು ಎಂಬ ಧಾಟಿ ಅದರದು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದು ಸಂವಿಧಾನಬಾಹಿರ ಎಂದಿತು. ವ್ಯಾಜ್ಯದಲ್ಲಿ ತಾನೇ ಒಂದು ಕಡೆಯವನಾಗಿ, ತೀರ್ಪನ್ನೂ ತಾನೇ ಅಳಿಸುವ ಹಾಗಿಲ್ಲ.

ಇನ್ನೊಂದು, ಬಡ್ತಿ ಮೀಸಲಾತಿ. ಮೀಸಲಾತಿಯಲ್ಲಿ ಬಡ್ತಿ ಪಡೆದ ನೌಕರರ ಜ್ಯೇಷ್ಠತೆ ಕಾಯುವ 2002ರ ಕಾನೂನನ್ನು 2017ರಲ್ಲಿ ಬಿ.ಕೆ. ಪವಿತ್ರಾ ಪ್ರಕರಣದಲ್ಲಿ ಕೋರ್ಟ್ ಹೊಡೆದುಹಾಕಿತು. ಪರಿಶಿಷ್ಟ ಜಾತಿ, ಪಂಗಡದವರ ಪ್ರಾತಿನಿಧ್ಯ ಕಡಿಮೆ ಇದೆ ಅನ್ನೋದಕ್ಕೆ ಲೆಕ್ಕ ಎಲ್ಲಿ ಎಂದು ಕೇಳಿತು. ಜ್ಯೇಷ್ಠತಾ ಪಟ್ಟಿಗಳು ತಲೆಕೆಳಗಾದವು. ಮೇಲಿನ ಕುರ್ಚಿಯಲ್ಲಿ ಕೂತವರ ಕೈಗೆ ಹಿಂಬಡ್ತಿ ಆದೇಶ ಬಂತು. ಈ ಸಲ ಸರ್ಕಾರ ತೀರ್ಪಿನ ಜೊತೆ ಗುದ್ದಾಡಲಿಲ್ಲ. ಹಿರಿಯ ಅಧಿಕಾರಿ ರತ್ನಪ್ರಭಾ ಅವರ ಸಮಿತಿ ನೇಮಿಸಿ ಇಲಾಖೆಗಳ ಲೆಕ್ಕ ತೆಗೆಸಿತು. ಅದರ ಆಧಾರದ ಮೇಲೆ ಹೊಸ ಕಾನೂನು ಮಾಡಿತು, 2018ರಲ್ಲಿ ರಾಷ್ಟ್ರಪತಿ ಅಂಕಿತ ಬಿತ್ತು. 2019ರಲ್ಲಿ ಅದೇ ಕೋರ್ಟ್ ಆ ಕಾನೂನನ್ನು ಒಪ್ಪಿತು. ಶಾಸನಸಭೆ ತೀರ್ಪನ್ನು ಮೀರಿಲ್ಲ, ಕೊರತೆ ತುಂಬಿದೆ ಎಂದಿತು.

ಅದೇ ರಾಜ್ಯ, ಅದೇ ಕೋರ್ಟ್. ಒಮ್ಮೆ ‘ನಿಮ್ಮ ಆದೇಶ ಒಪ್ಪಲ್ಲ’ ಅಂದು ಸೋತಿತು, ಇನ್ನೊಮ್ಮೆ ‘ನೀವು ಕೇಳಿದ ಲೆಕ್ಕ ಇಗೋ’ ಅಂದು ಗೆದ್ದಿತು. ನಿಮ್ಮ ಪ್ರಶ್ನೆಗೆ ಉತ್ತರ ಈ ಎರಡರ ನಡುವೆ ಇದೆ. ಪವಿತ್ರಾ ಪ್ರಕರಣದ ಎರಡೂ ತೀರ್ಪುಗಳನ್ನು ಪೂರ್ತಿ ಓದಿ. ಪೇಪರ್ ವರದಿ ಸಾಲದು. ಹಿಂಬಡ್ತಿ ಆದವರೊಬ್ಬರನ್ನು, ಆಗ ಬಡ್ತಿ ಸಿಕ್ಕವರೊಬ್ಬರನ್ನು ಮಾತಾಡಿಸಿ.

ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ಪ್ರಜಾಪ್ರಭುತ್ವದ ದೇಗುಲ’ ನಾಲ್ಕು ಕಡೆ ಬಂದಿದೆ. ನಾಲ್ಕನ್ನೂ ತೆಗೆಯಿರಿ.

ಮುಗಿಸುವಾಗ ಒಂದು ನೆನಪಾಯಿತು. 1973ರಲ್ಲಿ ಬೇಲಿಯ ಪರ ನಿಂತ ಆ ಏಳು ಜನರಲ್ಲಿ ಒಬ್ಬರು ನಮ್ಮ ಕರಾವಳಿಯ ಕೆ.ಎಸ್. ಹೆಗ್ಡೆ. ತೀರ್ಪು ಬಂದ ವಾರವೇ ಅವರನ್ನೂ ಸೇರಿಸಿ ಮೂವರು ಹಿರಿಯರನ್ನು ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಹೆಗ್ಡೆ ರಾಜೀನಾಮೆ ಕೊಟ್ಟರು. 1977ರಲ್ಲಿ ಲೋಕಸಭೆಯ ಸ್ಪೀಕರ್ ಆದರು. ಎರಡೂ ಕಡೆ ಕೂತು ಬಂದ ಮನುಷ್ಯ. ಅವರನ್ನು ಈ ಲೇಖನದಲ್ಲಿ ತುರುಕಬೇಡಿ, ಅವರ ಮೇಲೆ ಬೇರೆಯೇ ಒಂದು ಬರೆದು ಕಳಿಸಿ. ಅದನ್ನು ಮೊದಲು ಓದುತ್ತೇನೆ.